ರೆಕ್ಕೆಯ ಮೇಲೊಂದು ಬಿಸಿಯುಸಿರು

ಒಂದು ಸಣ್ಣ ಪ್ರಯೋಗದಿಂದ ಆರಂಭಿಸೋಣ. ದುಂಡನೆಯ ಬಾಟಲಿಯೊಂದನ್ನು ಮೇಜಿನ ಮೇಲಿಟ್ಟು, ಅದರ ಹಿಂದೆ ಒಂದು ಮೇಣದ ಬತ್ತಿ ಹಚ್ಚಿಡಿ. ಬಾಟಲಿಯ ಈಚೆ ಬದಿಯಿಂದ ನೇರವಾಗಿ ಊದಿ. ಅಡ್ಡ ಬಾಟಲಿಯಿದ್ದರೂ ಬತ್ತಿ ಆರಿಹೋಗುತ್ತದೆ. ಈಗ ಬಾಟಲಿಯನ್ನು ತೆಗೆದು ಅಷ್ಟೇ ಅಗಲದ ಪುಸ್ತಕವನ್ನು ನಿಲ್ಲಿಸಿ ಊದಿ. ಜ್ವಾಲೆ ನಿಮ್ಮ ಕಡೆಗೇ ಬಾಗಿ ಅಣಕಿಸಬಹುದು, ಆದರೆ ಆರುವುದಿಲ್ಲ. ಮೊದಲ ಸಲ ಗಾಳಿ ಬಾಟಲಿಯ ಮೈಯನ್ನು ತಬ್ಬಿಕೊಂಡು ಹಿಂದಕ್ಕೆ ಹೋಯಿತು. ಎರಡನೆಯ ಸಲ ಪುಸ್ತಕದ ಅಂಚಿನಲ್ಲಿ ಕೈಬಿಟ್ಟು ಹೊರಟುಹೋಯಿತು.

ಇದನ್ನು ನಾವು ಸ್ಟುಡಿಯೋದಲ್ಲಿ ಚಿತ್ರೀಕರಿಸಲು ಹೊರಟಾಗ ನಡೆದದ್ದು ಬೇರೆ. ಅತಿಥಿಗಳು ಊದುವ ಮೊದಲೇ ಹವಾನಿಯಂತ್ರಣದ ಗಾಳಿ ಬತ್ತಿಯನ್ನು ಮೂರು ಸಲ ಆರಿಸಿತು. ಅದನ್ನು ನಿಲ್ಲಿಸಿದರೆ ದೀಪಗಳ ಕಾವಿಗೆ ಎಲ್ಲರಿಗೂ ಬೆವರು. ಕೊನೆಗೆ ಆ ಭಾಗವನ್ನೇ ಕತ್ತರಿಸಬೇಕಾಯಿತು. ಅರ್ಧ ಗಂಟೆಯ ಮಾತುಕತೆಯಲ್ಲಿ ಹೀಗೆ ಉಳಿದುಹೋದ ಸಂಗತಿಗಳು ಹಲವು. ಅವನ್ನು ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ. ವಿಷಯ ಒಂದೇ: ವಿಮಾನದ ರೆಕ್ಕೆಯ ಮೇಲೆ ಹರಿಯುವ ಗಾಳಿಯನ್ನು ಇನ್ನಷ್ಟು ಗಾಳಿಯಿಂದಲೇ, ಅದರಲ್ಲೂ ಕಾದ ಗಾಳಿಯಿಂದ, ಹಿಡಿದು ನಿಲ್ಲಿಸಲು ಮನುಷ್ಯ ಮಾಡಿದ ಪ್ರಯತ್ನಗಳ ಚರಿತ್ರೆ.

ಹಿಡಿದು ನಿಲ್ಲಿಸುವ ಅಗತ್ಯವಾದರೂ ಏನು? ವಿಮಾನ ಹಾರುವುದು ರೆಕ್ಕೆಯ ಮೇಲೆ ಹರಿಯುವ ಗಾಳಿ ಅದರ ಬಾಗಿದ ಮೈಗೆ ಅಂಟಿಕೊಂಡಿರುವಷ್ಟು ಹೊತ್ತು ಮಾತ್ರ. ನಿಧಾನವಾಗಿ ಇಳಿಯಬೇಕಾದರೆ ರೆಕ್ಕೆಯ ಹಿಂದಿನ ಫ್ಲ್ಯಾಪುಗಳನ್ನು ಕೆಳಕ್ಕೆ ಬಗ್ಗಿಸಿ ಎತ್ತುವ ಬಲವನ್ನು ಹೆಚ್ಚಿಸಿಕೊಳ್ಳಬೇಕು. ಆದರೆ ತೀರ ಬಗ್ಗಿಸಿದರೆ ಗಾಳಿ ಆ ತಿರುವನ್ನು ಹಿಡಿಯಲಾರದೆ ಕಿತ್ತುಕೊಂಡು ಹೋಗುತ್ತದೆ. ಎತ್ತುವ ಬಲ ಕುಸಿಯುತ್ತದೆ. ಆದ್ದರಿಂದ ತೆಳು ರೆಕ್ಕೆಯ ವೇಗದ ವಿಮಾನಗಳು ಇಳಿಯುವಾಗಲೂ ವೇಗವಾಗಿಯೇ ಇಳಿಯಬೇಕು. ಲೆಕ್ಕ ನೋಡಿ: ಗಂಟೆಗೆ 300 ಕಿ.ಮೀ. ವೇಗದಲ್ಲಿ ನೆಲ ಮುಟ್ಟುವ ವಿಮಾನವನ್ನು 270 ಕಿ.ಮೀ.ಗೆ ತಂದರೆ ವೇಗದಲ್ಲಿ ಉಳಿದದ್ದು ಶೇಕಡಾ 10. ಬ್ರೇಕು, ಚಕ್ರ ಮತ್ತು ಓಡುದಾರಿ ನುಂಗಬೇಕಾದ ಶಕ್ತಿಯಲ್ಲಿ ಉಳಿದದ್ದು ಶೇಕಡಾ 19. ಆ ಹತ್ತೊಂಬತ್ತರಲ್ಲಿ ಎಷ್ಟೋ ಚಾಲಕರ ಜೀವ ಅಡಗಿದೆ.

ಗಾಳಿ ಏಕೆ ಕಿತ್ತುಕೊಳ್ಳುತ್ತದೆ ಎಂಬ ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕಿದ್ದು 1904ರಲ್ಲಿ. ರೈಟ್ ಸಹೋದರರು ಹಾರಿ ಇನ್ನೂ ವರ್ಷ ತುಂಬಿರಲಿಲ್ಲ. ಜರ್ಮನಿಯ ಹೈಡಲ್‌ಬರ್ಗ್‌ನಲ್ಲಿ ನಡೆದ ಗಣಿತಜ್ಞರ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಲುಡ್ವಿಗ್ ಪ್ರಾಂಟ್ಲ್ ಎಂಬ 29 ವರ್ಷದ ಪ್ರಾಧ್ಯಾಪಕ ಒಂದು ಪುಟ್ಟ ಪ್ರಬಂಧ ಓದಿದರು. ವಸ್ತುವಿನ ಮೈಗೆ ತಾಗಿಕೊಂಡಿರುವ ಗಾಳಿಯ ಅತಿ ತೆಳುವಾದ ಪದರದಲ್ಲಿ ಮಾತ್ರ ಘರ್ಷಣೆಯ ಆಟ ನಡೆಯುತ್ತದೆ, ಆ ಪದರ ಸೋತು ನಿಂತಾಗ ಇಡೀ ಪ್ರವಾಹ ಮೈಬಿಟ್ಟು ಹೋಗುತ್ತದೆ ಎಂದರು. ಇದನ್ನು ಎಲ್ಲೆಪದರ ಎಂದು ಕರೆಯೋಣ. ಪ್ರಾಂಟ್ಲ್ ಬರೀ ಮಾತಾಡಲಿಲ್ಲ. ಕೈಯಿಂದ ಚಕ್ರ ತಿರುಗಿಸಿ ನೀರು ಹರಿಸುವ ತೊಟ್ಟಿಯೊಂದನ್ನು ಕಟ್ಟಿ, ನೀರಿನಲ್ಲಿ ಅಭ್ರಕದ ಪುಡಿ ಚೆಲ್ಲಿ, ಹರಿವಿನ ಛಾಯಾಚಿತ್ರ ತೆಗೆದಿದ್ದರು. ಅವುಗಳಲ್ಲೊಂದು ನಮ್ಮ ವಿಷಯಕ್ಕೆ ಮುಖ್ಯ. ಸಿಲಿಂಡರಿನ ಒಂದು ಬದಿಯಲ್ಲಿ ಸೀಳು ಮಾಡಿ ಸೋತ ಪದರವನ್ನು ಒಳಗೆ ಹೀರಿದಾಗ, ಆ ಬದಿಯ ಹರಿವು ಹಿಂದಿನವರೆಗೂ ಅಂಟಿಕೊಂಡು ಹೋಗಿತ್ತು. ಎಲ್ಲೆಪದರ ಇದೆ ಎಂದು ಹೇಳಿದ ಪ್ರಬಂಧದಲ್ಲಿಯೇ ಅದನ್ನು ಪಳಗಿಸುವ ದಾರಿಯೂ ಇತ್ತು.

ಹೀರುವುದು ಒಂದು ದಾರಿಯಾದರೆ ಊದುವುದು ಇನ್ನೊಂದು. ದಣಿದ ಎತ್ತನ್ನು ನೊಗದಿಂದ ಬಿಡಿಸುವುದಕ್ಕೂ ಅದರ ಜೊತೆಗೆ ಗಟ್ಟಿ ಎತ್ತೊಂದನ್ನು ಕಟ್ಟುವುದಕ್ಕೂ ಇರುವ ವ್ಯತ್ಯಾಸ ಇದು. ಫ್ಲ್ಯಾಪಿನ ಬಾಗು ಆರಂಭವಾಗುವಲ್ಲಿ ಒಂದು ಕಿರಿದಾದ ಸೀಳು ಬಿಟ್ಟು, ಅದರಿಂದ ರಭಸದ ಗಾಳಿಯ ಹಾಳೆಯೊಂದನ್ನು ಫ್ಲ್ಯಾಪಿನ ಮೈಸವರುವಂತೆ ಬಿಟ್ಟರೆ, ಅದು ಬಾಗಿದ ಮೈಯನ್ನು ತಬ್ಬಿ ಹರಿಯುತ್ತದೆ, ಸೋತ ಪದರಕ್ಕೂ ಚೈತನ್ಯ ಕೊಡುತ್ತದೆ. ಹೀಗೆ ತಬ್ಬುವ ಗುಣಕ್ಕೆ ರುಮೇನಿಯಾದ ಆನ್ರಿ ಕೊವಾಂಡ ಅವರ ಹೆಸರಿದೆ. ಅವರು 1930ರ ದಶಕದಲ್ಲಿ ಇದಕ್ಕೆ ಪೇಟೆಂಟ್ ಪಡೆದರು. 1910ರಲ್ಲೇ ತಮ್ಮ ವಿಮಾನದ ಜ್ವಾಲೆಗಳು ಮೈಗೆ ಅಂಟಿದ್ದನ್ನು ಕಂಡು ಇದನ್ನು ಅರಿತೆ ಎಂದು ಅವರು ಮುಂದೆ ಹೇಳಿಕೊಂಡರು. ಚರಿತ್ರಕಾರರು ಆ ಕಥೆಯನ್ನು ಪೂರ್ತಿ ನಂಬುವುದಿಲ್ಲ. ನನಗೂ ಅದು ತುಸು ಹೆಚ್ಚು ಚೆಂದವಾಗಿಯೇ ಕಾಣುತ್ತದೆ.

ಸಿದ್ಧಾಂತ ಸಿಕ್ಕಿತು, ಆದರೆ ಊದುವವರು ಯಾರು? ಪಿಸ್ಟನ್ ಎಂಜಿನ್ನಿನ ಕಾಲದಲ್ಲಿ ಇದಕ್ಕೆ ಬೇರೆಯೇ ಪಂಪು ಬೇಕು. ಪಂಪಿಗೆ ಶಕ್ತಿ ಬೇಕು. ಎರಡಕ್ಕೂ ತೂಕವಿದೆ. ಊದಿ ಗಳಿಸಿದ್ದನ್ನು ಹೊತ್ತು ಕಳೆಯುವ ವ್ಯಾಪಾರ. ಜೆಟ್ ಎಂಜಿನ್ ಬಂದಾಗ ಈ ಸಮಸ್ಯೆ ತಾನಾಗಿ ಬಗೆಹರಿಯಿತು. ಜೆಟ್ ಎಂಜಿನ್ನಿನ ಮುಂಭಾಗವೇ ಒಂದು ದೊಡ್ಡ ಪಂಪು. ಸಾಲು ಸಾಲು ಅಲಗುಗಳು ಗಾಳಿಯನ್ನು ಒತ್ತಿ ಒತ್ತಿ ದಹನದ ಕೋಣೆಗೆ ತಳ್ಳುತ್ತವೆ. ಅಲ್ಲೊಂದು ತೂತು ಮಾಡಿ ಸ್ವಲ್ಪ ಗಾಳಿ ಕದ್ದರಾಯಿತು.

ಇದನ್ನು ಕೈಗೂಡಿಸಿದವರು ಅಮೆರಿಕದ ನೌಕಾಪಡೆಯ ಎಂಜಿನಿಯರ್ ಜಾನ್ ಅಟಿನೆಲೋ. ಅಧಿಕ ಒತ್ತಡದ ಗಾಳಿಯನ್ನು ಬಹು ಕಿರಿದಾದ ಸೀಳಿನಿಂದ ಶಬ್ದಾತೀತ ವೇಗದಲ್ಲಿ ಹೊರಬಿಟ್ಟರೆ ಸ್ವಲ್ಪವೇ ಗಾಳಿ ಸಾಕು ಎಂಬುದು ಅವರ ಸೂತ್ರ. 1950ರ ದಶಕದ ಮೊದಲ ಭಾಗದಲ್ಲಿ ಗ್ರಮನ್ ಪ್ಯಾಂಥರ್ ವಿಮಾನದಲ್ಲಿ ಇದನ್ನು ಪರೀಕ್ಷಿಸಿದಾಗ ಹಾರಿಕೆಯಲ್ಲಿ 9 ನಾಟ್, ಇಳಿಯುವಾಗ 7 ನಾಟ್‌ನಷ್ಟು ಕಡಿಮೆ ವೇಗ ಸಾಧ್ಯವಾಯಿತು. ಗಂಟೆಗೆ 17 ಮತ್ತು 13 ಕಿ.ಮೀ. ಅಷ್ಟೇನಾ ಎನ್ನಬೇಡಿ. ತೊನೆದಾಡುವ ಹಡಗಿನ ಮೇಲೆ ಇಳಿಯುವವನಿಗೆ ಅದು ದೊಡ್ಡ ದಾನ.

ಇಲ್ಲಿ 'ಬಿಸಿ' ಎಂಬ ಮಾತನ್ನು ಬಿಡಿಸಿ ನೋಡಬೇಕು. ಸೈಕಲ್ಲಿಗೆ ಗಾಳಿ ಹೊಡೆದವರಿಗೆ ಪಂಪಿನ ಬುಡ ಸುಡುವುದು ಗೊತ್ತು. ಒತ್ತಿದ ಗಾಳಿ ಕಾಯುತ್ತದೆ. ಆ ಕಾಲದ ಪ್ರಸಿದ್ಧ ಜೆ-79 ಎಂಜಿನ್ನಿನಲ್ಲಿ ಹದಿನೇಳು ಸಾಲು ಅಲಗುಗಳು. ಪೂರ್ಣ ಶಕ್ತಿಯಲ್ಲಿ ಕೊನೆಯ ಸಾಲು ದಾಟಿದ ಗಾಳಿಯ ತಾಪ 300 ಡಿಗ್ರಿ ಸೆಲ್ಸಿಯಸ್ ಮೀರುತ್ತದೆ. ಈ ಬಿಸಿ ಒಂದು ಪೀಡೆ ಎಂದು ಮೊದಲ ನೋಟಕ್ಕೆ ಅನ್ನಿಸುತ್ತದೆ. ಪೂರ್ತಿ ಹಾಗಲ್ಲ. ಒಂದೇ ಒತ್ತಡದಲ್ಲಿ, ಒಂದೇ ಸೀಳಿನಿಂದ, ತಣ್ಣನೆಯ ಗಾಳಿಯನ್ನೂ ಬಿಸಿ ಗಾಳಿಯನ್ನೂ ಬಿಟ್ಟು ನೋಡಿ. ಬಿಸಿ ಗಾಳಿ ಹಗುರ, ಹಾಗಾಗಿ ತೂಕದಲ್ಲಿ ಕಡಿಮೆ ಹೊರಬರುತ್ತದೆ. ಆದರೆ ಹೆಚ್ಚು ವೇಗವಾಗಿ ಬರುತ್ತದೆ. ಕೊಡುವ ನೂಕು ಹೆಚ್ಚುಕಡಿಮೆ ಅಷ್ಟೇ. 27 ಡಿಗ್ರಿಯ ಗಾಳಿಯನ್ನು 327 ಡಿಗ್ರಿಗೆ ಕಾಯಿಸಿದರೆ ಅದರ ನಿರಪೇಕ್ಷ ತಾಪ 300ರಿಂದ 600ಕ್ಕೆ ಏರಿ ಇಮ್ಮಡಿಯಾಗುತ್ತದೆ. ವೇಗ 1.4 ಪಟ್ಟಾಗುತ್ತದೆ. ಬೇಕಾಗುವ ಗಾಳಿಯ ತೂಕ ಶೇಕಡಾ 70ರಷ್ಟಕ್ಕೆ ಇಳಿಯುತ್ತದೆ. ಎಂಜಿನ್ನಿನಿಂದ ಕದಿಯುವುದು ಅಷ್ಟು ಕಡಿಮೆ ಎಂದಾಯಿತು. ಇದು ಬಿಸಿಗಾಳಿ ಕೊಡುವ ಲಾಭ.

ನಷ್ಟ ಇರುವುದು ಕೊಳವೆಗಳಲ್ಲಿ. ವಿಮಾನದ ಅಲ್ಯುಮಿನಿಯಮ್ ಮಿಶ್ರಲೋಹ ಇಂಥ ತಾಪದಲ್ಲಿ ಬಲ ಕಳೆದುಕೊಳ್ಳುತ್ತದೆ. ಉಕ್ಕು ಅಥವಾ ಟೈಟೇನಿಯಮ್ ಕೊಳವೆ ಬೇಕು. ಅದಕ್ಕೆ ಶಾಖ ತಡೆಯುವ ಹೊದಿಕೆ ಬೇಕು. ಕಾದು ಹಿಗ್ಗಿದಾಗ ಬಿರಿಯದಂತೆ ಸಂದುಗಳಲ್ಲಿ ಎಳೆದಾಡುವ ಅವಕಾಶ ಬೇಕು. ಎಲ್ಲೋ ಒಂದೆಡೆ ಸೋರಿದರೆ ಪಕ್ಕದ ವಿದ್ಯುತ್ ತಂತಿಗಳ ಗತಿ ಕೇಳುವುದೇ ಬೇಡ. ಹಗುರವಾದ ಗಾಳಿಯನ್ನು ಹೊರಲು ಭಾರವಾದ ಕೊಳವೆ! ಮುಂದಿನ ಎಪ್ಪತ್ತು ವರ್ಷಗಳ ಚರಿತ್ರೆ ಬಹುಮಟ್ಟಿಗೆ ಈ ಒಂದು ವಿರೋಧದ ಜೊತೆ ನಡೆದ ಹೋರಾಟವೇ.

ಜೆ-79 ಹೊತ್ತ ವಿಮಾನವೇ ಲಾಕ್‌ಹೀಡ್ ಎಫ್-104 ಸ್ಟಾರ್‌ಫೈಟರ್. 1954ರಲ್ಲಿ ಅದರ ಮೂಲಮಾದರಿ ಮೊದಲು ಹಾರಿತು, 1958ರಲ್ಲಿ ಸೇನೆಗೆ ಬಂತು. ಶಬ್ದದ ಎರಡು ಪಟ್ಟು ವೇಗಕ್ಕಾಗಿ ಅದರ ರೆಕ್ಕೆಗಳನ್ನು ಎಷ್ಟು ಮೊಟಕಾಗಿ, ತೆಳ್ಳಗೆ ಮಾಡಿದ್ದರೆಂದರೆ, ಮುಂಚೂಣಿಯ ಅಂಚು ಅರ್ಧ ಮಿಲಿಮೀಟರಿಗಿಂತ ತೆಳು. ನೆಲದ ಮೇಲೆ ನಿಂತಿರುವಾಗ ಕೆಲಸಗಾರರ ಕೈ ಕುಯ್ಯದಿರಲೆಂದು ಅಂಚಿಗೆ ಗವಸು ಹಾಕುತ್ತಿದ್ದರು. ದಪ್ಪವಿರುವ ಬುಡದಲ್ಲೂ ಆ ರೆಕ್ಕೆ ಒಂದು ಗೇಣಿಗಿಂತ ಕಡಿಮೆ. ಅಷ್ಟರೊಳಗೆ ಬಿಸಿಗಾಳಿಯ ಕೊಳವೆಯನ್ನು ನುಗ್ಗಿಸಿ, ಫ್ಲ್ಯಾಪಿನ ಮೇಲೆ ಊದಿಸಿದರು. ಅದಿಲ್ಲದೆ ಈ ವಿಮಾನವನ್ನು ಸಾಧಾರಣ ಓಡುದಾರಿಯಲ್ಲಿ ಇಳಿಸುವುದೇ ಕಷ್ಟವಾಗುತ್ತಿತ್ತು.

ಆದರೆ ಈ ಏರ್ಪಾಡು ಚಾಲಕನ ಹಳೆಯ ಅಭ್ಯಾಸವೊಂದನ್ನು ತಲೆಕೆಳಗು ಮಾಡಿತು. ಇಳಿಯುವಾಗ ಎಂಜಿನ್ನಿನ ಶಕ್ತಿ ತಗ್ಗಿಸುವುದು ವಾಡಿಕೆ. ಇಲ್ಲಿ ಶಕ್ತಿ ತಗ್ಗಿಸಿದರೆ ಊದುವ ಗಾಳಿಯೂ ತಗ್ಗುತ್ತದೆ, ಗಾಳಿ ತಗ್ಗಿದರೆ ಎತ್ತುವ ಬಲ ಮಾಯ. ಚಕ್ರ ನೆಲ ಮುಟ್ಟುವವರೆಗೆ ಎಂಜಿನ್ನನ್ನು ಚುರುಕಾಗಿಯೇ ಇಟ್ಟಿರಬೇಕು. ಒಂದು ರೆಕ್ಕೆಗೆ ಗಾಳಿ ಬಂದು ಇನ್ನೊಂದಕ್ಕೆ ಬಾರದಿದ್ದರಂತೂ ವಿಮಾನ ಮಗ್ಗುಲಾಗಿ ಉರುಳುತ್ತದೆ, ಅದೂ ನೆಲ ಹತ್ತಿರವಿರುವಾಗ. ಪಶ್ಚಿಮ ಜರ್ಮನಿ 916 ಸ್ಟಾರ್‌ಫೈಟರ್‌ಗಳನ್ನು ಕೊಂಡು 290ಕ್ಕೂ ಹೆಚ್ಚನ್ನು ಅಪಘಾತಗಳಲ್ಲಿ ಕಳೆದುಕೊಂಡಿತು. ಸತ್ತ ಚಾಲಕರು 116 ಮಂದಿ. ಇದೆಲ್ಲವನ್ನೂ ಊದುವ ಫ್ಲ್ಯಾಪಿನ ತಲೆಗೆ ಕಟ್ಟುವುದು ಅನ್ಯಾಯ. ಸ್ವಚ್ಛ ಆಕಾಶದಲ್ಲಿ ಎತ್ತರಕ್ಕೆ ಹಾರಲು ಹುಟ್ಟಿದ ವಿಮಾನವನ್ನು ಯೂರೋಪಿನ ಮೋಡದಡಿಯಲ್ಲಿ ಬಾಂಬ್ ಹೊರಿಸಿ ತಗ್ಗಿನಲ್ಲಿ ಹಾರಿಸಿದ್ದು, ತರಬೇತಿ ಸಾಲದ್ದು, ಹೊರಜಿಗಿಯುವ ಆಸನದ ತೊಂದರೆಗಳು, ಎಲ್ಲವೂ ಸೇರಿದವು. ಆದರೆ ತಪ್ಪಿಗೆ ಎಡೆಯೇ ಇಲ್ಲದಂತೆ ಕಟ್ಟಿದ ವಿಮಾನ ಅದು ಎಂಬುದು ನನ್ನ ಅಭಿಪ್ರಾಯ.

ಬ್ರಿಟನ್ನಿನವರು ಇದೇ ವಿದ್ಯೆಯನ್ನು ಇನ್ನೂ ಮುಂದೆ ಕೊಂಡೊಯ್ದರು. 1958ರ ಏಪ್ರಿಲ್ 30ರಂದು ಮೊದಲು ಹಾರಿದ ಬ್ಲಾಕ್‌ಬರ್ನ್ ಬಕನೀರ್ ಎಂಬ ನೌಕಾ ವಿಮಾನದಲ್ಲಿ ಫ್ಲ್ಯಾಪ್ ಮಾತ್ರವಲ್ಲ, ರೆಕ್ಕೆಯ ಮುಂಚೂಣಿಯ ಮೇಲೂ, ರೆಕ್ಕೆಯ ತುದಿಯಲ್ಲಿ ತಗ್ಗಿಸಿದ ಏಲರಾನುಗಳ ಮೇಲೂ, ಬಾಲದ ಕೆಳಮೈಯಲ್ಲೂ ಬಿಸಿಗಾಳಿ ಊದುತ್ತಿತ್ತು. ಮುಂಚೂಣಿಗೆ ಹೋದ ಬಿಸಿಗಾಳಿ ಅಲ್ಲಿ ಕಟ್ಟುವ ಹಿಮವನ್ನೂ ಕರಗಿಸುತ್ತಿತ್ತು. ಒಂದೇ ಒಲೆಯಲ್ಲಿ ಎರಡು ಅಡಿಗೆ. ಇಷ್ಟು ಗಾಳಿ ಬೇಕಾದಾಗ ಇಳಿಯುವಾಗಲೂ ಎಂಜಿನ್ ಭರದಿಂದ ಓಡಬೇಕು. ಭರದಿಂದ ಓಡಿದರೆ ವಿಮಾನ ನಿಧಾನವಾಗುವುದು ಹೇಗೆ? ಅದಕ್ಕಾಗಿ ಬಾಲದ ತುದಿಯನ್ನೇ ಎರಡು ಎಸಳಾಗಿ ಬಿಡಿಸಿ ಗಾಳಿಗೆ ಅಡ್ಡ ಒಡ್ಡುತ್ತಿದ್ದರು. ಒಂದು ಕಾಲು ವೇಗದ ಮೇಲೆ, ಇನ್ನೊಂದು ಕಾಲು ಬ್ರೇಕಿನ ಮೇಲೆ ಇಟ್ಟು ಘಟ್ಟ ಇಳಿದಂತೆ.

ಬಕನೀರಿನ ಮೊದಲ ಮಾದರಿಗೆ ಇದ್ದ ಜೈರಾನ್ ಜೂನಿಯರ್ ಎಂಜಿನ್ ಬಡಪಾಯಿ. ಹಡಗಿನಿಂದ ಏರುವಾಗ ರೆಕ್ಕೆಗೆ ಗಾಳಿ ಕೊಟ್ಟ ಮೇಲೆ ತಳ್ಳಲು ಅದರಲ್ಲಿ ಸಾಕಷ್ಟು ಕಸುವು ಉಳಿಯುತ್ತಿರಲಿಲ್ಲ. ಹಾಗಾಗಿ ಕಡಿಮೆ ಇಂಧನ ತುಂಬಿಕೊಂಡು ಏರಿ, ಆಮೇಲೆ ಸಿಮಿಟಾರ್ ಎಂಬ ಇನ್ನೊಂದು ವಿಮಾನದಿಂದ ಆಕಾಶದಲ್ಲಿಯೇ ಇಂಧನ ತುಂಬಿಸಿಕೊಳ್ಳುತ್ತಿತ್ತು. ಕದ್ದ ಗಾಳಿಯ ಬೆಲೆ ಎಷ್ಟೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಸಿಕ್ಕಿಲ್ಲ. ಮುಂದೆ ಸ್ಪೇ ಎಂಜಿನ್ ಬಂದ ಮೇಲೆ ಆ ಪರದಾಟ ತಪ್ಪಿತು.

ಸ್ವಲ್ಪ ಗಾಳಿಗೆ ಇಷ್ಟು ಫಲವಾದರೆ ಎಂಜಿನ್ನಿನ ಉರಿಗಾಳಿಯನ್ನೇ ರೆಕ್ಕೆಗೆ ಹರಿಸಿದರೆ? ಈ ಪ್ರಶ್ನೆಯನ್ನೂ ಬ್ರಿಟನ್ ಕೇಳಿತು. 1963ರ ಮಾರ್ಚ್ 26ರಂದು ಹಂಟಿಂಗ್ ಎಚ್-126 ಎಂಬ ಒಂಟಿ ಪ್ರಾಯೋಗಿಕ ವಿಮಾನ ಹಾರಿತು. ಅದರ ಎಂಜಿನ್ನಿನ ಹೊರಹರಿವಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ರೆಕ್ಕೆಯೊಳಗಿನ ಕೊಳವೆಗಳ ಮೂಲಕ ಹಿಂದಿನ ಅಂಚಿನುದ್ದಕ್ಕೂ ಹಾಳೆಯಾಗಿ ಹೊರಬರುತ್ತಿತ್ತು. ಲೋಹದ ಫ್ಲ್ಯಾಪಿನ ಜೊತೆಗೆ ಗಾಳಿಯದೇ ಒಂದು ಫ್ಲ್ಯಾಪ್. ಗಂಟೆಗೆ ಸುಮಾರು 50 ಕಿ.ಮೀ. ವೇಗದಲ್ಲಿ ಅದು ನೆಲ ಬಿಡಬಲ್ಲುದಾಗಿತ್ತು. ಖಾಲಿ ರಸ್ತೆಯಲ್ಲಿ ಓಡುವ ಸಿಟಿ ಬಸ್ಸಿನ ವೇಗ! ಅಷ್ಟು ನಿಧಾನದಲ್ಲಿ ಚುಕ್ಕಾಣಿ, ಏಲರಾನುಗಳು ಕೆಲಸ ಮಾಡುವುದಿಲ್ಲವಾದ್ದರಿಂದ ರೆಕ್ಕೆಯ ತುದಿಗೂ ಬಾಲಕ್ಕೂ ಪುಟ್ಟ ನಳಿಗೆಗಳಿಂದ ಅದೇ ಬಿಸಿಗಾಳಿ ಕೊಟ್ಟು ವಿಮಾನವನ್ನು ತಿರುಗಿಸುತ್ತಿದ್ದರು. ಅದ್ಭುತ ಯಂತ್ರ. ಆದರೆ ರೆಕ್ಕೆ ತುಂಬ ಕೊಳವೆ ತುಂಬಿಕೊಂಡ ವಿಮಾನ ಹೊರುವುದೇನನ್ನು? ಅಮೆರಿಕದ ನಾಸಾ ಅದನ್ನು ಗಾಳಿಸುರಂಗದಲ್ಲಿಟ್ಟು ಅಭ್ಯಾಸ ಮಾಡಿತು. ಎರಡನೆಯದನ್ನು ಯಾರೂ ಕಟ್ಟಲಿಲ್ಲ. ಆ ಒಂಟಿ ವಿಮಾನ ಬ್ರಿಟನ್ನಿನ ವಾಯುಪಡೆಯ ವಸ್ತುಸಂಗ್ರಹಾಲಯಕ್ಕೆ ಸೇರಿತು.

ಇನ್ನು ನಮ್ಮ ಮನೆಯ ಮಾತು. 1996ರಲ್ಲಿ ಯಲಹಂಕದಲ್ಲಿ ಮೊದಲ ಏರೋ ಇಂಡಿಯಾ ನಡೆದಾಗ ನಾನು ಪಿ.ಯು. ವಿದ್ಯಾರ್ಥಿ. ಆ ದಿನಗಳಲ್ಲಿ ಮಿಗ್-21 ಎಂದರೆ ನಮಗೆಲ್ಲ ಈಟಿಯಂಥ ಮೂತಿ, ತ್ರಿಕೋನದ ರೆಕ್ಕೆ, ಇಳಿದಾಗ ಬಾಲದಿಂದ ಬಿಚ್ಚುವ ಪ್ಯಾರಾಶೂಟ್, ಇಷ್ಟೇ. ಅದರ ಫ್ಲ್ಯಾಪಿನ ಸೀಳಿನಿಂದ ಬಿಸಿಗಾಳಿ ಬರುತ್ತದೆಂದು ಯಾರೂ ಹೇಳಿರಲಿಲ್ಲ. ಸೋವಿಯತ್ ಎಂಜಿನಿಯರುಗಳು 1960ರ ದಶಕದಲ್ಲಿ ಈ ಏರ್ಪಾಡನ್ನು ಮಿಗ್-21ಕ್ಕೆ ಸೇರಿಸಿದರು. ಅದಕ್ಕೆ ಎಸ್.ಪಿ.ಎಸ್. ಎಂದು ಹೆಸರು. ಎಲ್ಲೆಪದರವನ್ನು ಊದಿಬಿಡುವುದು ಎಂಬ ಅರ್ಥದ ಮೂರು ರಷ್ಯನ್ ಪದಗಳ ಮೊದಲಕ್ಷರಗಳು ಅವು. ಈ ಗಾಳಿ ಕೊಡಲು ತಿದ್ದಿದ ಎಂಜಿನ್ನಿನ ಹೆಸರಿನಲ್ಲೂ ಒಂದು 'ಎಸ್' ಸೇರಿತು. ಹಿಂದುಸ್ತಾನ್ ಏರೋನಾಟಿಕ್ಸ್ ಸಂಸ್ಥೆ ನಾಸಿಕ್‌ನಲ್ಲಿ ವಿಮಾನವನ್ನೂ ಕೋರಾಪುಟ್‌ನಲ್ಲಿ ಎಂಜಿನ್ನನ್ನೂ ತಯಾರಿಸಿದ ಮಿಗ್-21 ಎಂ ಮತ್ತು ಬಿಸ್ ಮಾದರಿಗಳಲ್ಲಿ ಇದು ಇತ್ತು. ಏರುವಾಗ ಇದರ ಉಪಯೋಗವಿಲ್ಲ. ಇಳಿಯಲೆಂದು ಫ್ಲ್ಯಾಪನ್ನು ಪೂರ್ತಿ ಬಗ್ಗಿಸಿದಾಗ ಮಾತ್ರ ಗಾಳಿ ಬಿಟ್ಟುಕೊಳ್ಳುತ್ತಿತ್ತು. ಸ್ಟಾರ್‌ಫೈಟರಿನ ನಿಯಮವೇ ಇಲ್ಲಿಯೂ: ಎಂಜಿನ್ ತಗ್ಗಿಸಿದರೆ ವಿಮಾನ ಕುಸಿಯುತ್ತದೆ. ಒಂದೇ ಎಂಜಿನ್ನಿನ ವಿಮಾನದಲ್ಲಿ ಎಂಜಿನ್ ನಿಂತರೆ ತಳ್ಳುವ ಬಲವೂ ಊದುವ ಗಾಳಿಯೂ ಒಟ್ಟಿಗೇ ಹೋದಂತೆ. ಈ ವಿಮಾನಕ್ಕೆ ಹೊಸದಾಗಿ ಬರುತ್ತಿದ್ದ ಇಪ್ಪತ್ತರ ಹರೆಯದ ಹುಡುಗರಿಗೆ ಮೊದಲು ಕಲಿಸಬೇಕಾದ ಪಾಠ ಇದು.

2012ರಲ್ಲಿ ರಕ್ಷಣಾ ಸಚಿವರು ಸಂಸತ್ತಿಗೆ ಕೊಟ್ಟ ಉತ್ತರದಂತೆ, ಅಲ್ಲಿಯವರೆಗೆ ವಾಯುಪಡೆಗೆ ಬಂದ ಮಿಗ್ ವಿಮಾನಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅಪಘಾತಕ್ಕೀಡಾಗಿದ್ದವು, 171 ಚಾಲಕರು ಅಸುನೀಗಿದ್ದರು. ಕಾರಣಗಳು ನೂರಾರು. ಇಳಿಯುವ ವೇಗ ಹೆಚ್ಚಿದ್ದುದು, ಮಧ್ಯಮ ಹಂತದ ತರಬೇತಿ ಜೆಟ್ ವಿಮಾನ ಬರಲು ದಶಕಗಳೇ ಹಿಡಿದದ್ದು, ಅವುಗಳಲ್ಲಿ ಸೇರುತ್ತವೆ. 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಮಿಗ್-21 ಕೊನೆಯ ಸಲ ಹಾರಿ ನಿವೃತ್ತಿಯಾಯಿತು. ಆ ದಿನದ ದೃಶ್ಯಗಳನ್ನು ಎಡಿಟಿಂಗ್ ಮೇಜಿನ ಮೇಲೆ ನಿಲ್ಲಿಸಿ ನಿಲ್ಲಿಸಿ ನೋಡಿದೆ. ಫ್ಲ್ಯಾಪ್ ಬಾಗುವುದು ಕಾಣುತ್ತದೆ. ಸೀಳು ಕಾಣುವುದಿಲ್ಲ, ಗಾಳಿಯಂತೂ ಸರಿಯೇ ಸರಿ.

ಸಾಗಣೆ ವಿಮಾನಗಳಲ್ಲಿ ಈ ವಿದ್ಯೆ ಬೇರೆ ರೂಪ ತಾಳಿತು. ಕೊಳವೆಯೇ ಬೇಡ, ಎಂಜಿನ್ನಿನ ಹೊರಹರಿವು ನೇರವಾಗಿ ಫ್ಲ್ಯಾಪಿಗೆ ಬಡಿಯುವಂತೆ ಎಂಜಿನ್ನನ್ನೇ ಜೋಡಿಸೋಣ ಎಂದರು. 1975ರಲ್ಲಿ ಹಾರಿದ ಮ್ಯಾಕ್‌ಡೊನೆಲ್ ಡಗ್ಲಸ್ ವೈಸಿ-15ರಲ್ಲಿ ಪರೀಕ್ಷೆಯಾದ ಈ ಉಪಾಯವೇ ಮುಂದೆ ಸಿ-17ಕ್ಕೆ ಬಂತು. 2013ರಿಂದ ಅದು ನಮ್ಮ ವಾಯುಪಡೆಯಲ್ಲೂ ಇದೆ. ಅಷ್ಟು ದೊಡ್ಡ ದೇಹ ಅಷ್ಟು ಸಾವಕಾಶವಾಗಿ ಇಳಿಯುವುದನ್ನು ನೋಡಿದವರಿಗೆ ಅದು ಆಕಾಶದಲ್ಲಿ ನಿಂತೇ ಬಿಟ್ಟಿತೇನೋ ಅನ್ನಿಸುತ್ತದೆ.

ಆದರೆ ಯುದ್ಧ ವಿಮಾನಗಳಲ್ಲಿ ಊದುವ ಫ್ಲ್ಯಾಪಿನ ಪ್ರಭಾವ 1970ರ ದಶಕದಿಂದ ಇಳಿಯತೊಡಗಿತು. ಎಂಜಿನ್ನುಗಳ ಬಲ ಹೆಚ್ಚಿತು, ರೆಕ್ಕೆಯ ಆಕಾರಗಳು ಸುಧಾರಿಸಿದವು. ಕೊಳವೆಗಳ ತೂಕವನ್ನೂ ದುರಸ್ತಿಯ ಕಾಟವನ್ನೂ ಹೊರುವ ಅಗತ್ಯ ಕಡಿಮೆಯಾಯಿತು. ಈಗ ಅದು ಮತ್ತೆ ಬಂದಿರುವುದು ಬೇರೊಂದು ಬಾಗಿಲಿನಿಂದ. ಫ್ಲ್ಯಾಪು, ಏಲರಾನು, ಅವುಗಳ ಕೀಲು, ತಿರುಗಿಸುವ ಯಂತ್ರ ಎಲ್ಲವನ್ನೂ ತೆಗೆದುಹಾಕಿ ಊದುವ ಗಾಳಿಯಿಂದಲೇ ವಿಮಾನವನ್ನು ತಿರುಗಿಸಲಾಗದೆ? ಆಗ ಗಾಳಿ ಹೊರೆಯಲ್ಲ, ತೂಕ ಇಳಿಸುವ ಸಾಧನ. 2019ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯ ಮತ್ತು ಬಿಎಇ ಸಿಸ್ಟಮ್ಸ್ ಸೇರಿ ಮ್ಯಾಗ್ಮಾ ಎಂಬ ಚಾಲಕರಹಿತ ಪುಟ್ಟ ವಿಮಾನವನ್ನು ವೇಲ್ಸ್‌ನಲ್ಲಿ ಹೀಗೆ ಹಾರಿಸಿ ತೋರಿಸಿದವು. ಇದೇ ಗುರಿಯ ಎಕ್ಸ್-65 ಎಂಬ ದೊಡ್ಡ ಪ್ರಾಯೋಗಿಕ ವಿಮಾನದ ನಿರ್ಮಾಣ 2024ರಲ್ಲಿ ಅಮೆರಿಕದಲ್ಲಿ ಆರಂಭವಾಯಿತು.

ಕೊಳವೆಯನ್ನೇ ಇಲ್ಲವಾಗಿಸುವ ಯೋಚನೆ ನನಗೆ ಇದಕ್ಕಿಂತ ಇಷ್ಟ. 2000ದ ನಂತರ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಸ್ಪಾರ್ಕ್‌ಜೆಟ್ ಎಂಬ ಸಾಧನ ರೂಪುಗೊಂಡಿತು. ರೆಕ್ಕೆಯ ಮೈಯಲ್ಲಿ ಸಣ್ಣದೊಂದು ಕುಳಿ, ಅದಕ್ಕೊಂದು ಸೂಜಿತೂತು, ಒಳಗೆ ವಿದ್ಯುತ್ ಕಿಡಿ. ಕಿಡಿ ಹಾರಿದೊಡನೆ ಕುಳಿಯ ಗಾಳಿ ಕಾದು ತೂತಿನಿಂದ ಚಿಮ್ಮುತ್ತದೆ. ತಣಿದಾಗ ಹೊಸ ಗಾಳಿಯನ್ನು ತಾನೇ ಎಳೆದುಕೊಳ್ಳುತ್ತದೆ. ಕೊಳವೆ ಇಲ್ಲ, ಪಂಪಿಲ್ಲ, ಅಲುಗಾಡುವ ಭಾಗವೇ ಇಲ್ಲ, ತಂತಿ ಎಳೆದರಾಯಿತು. ಒಂದೊಂದರ ಬಲ ಮಾತ್ರ ಬಹಳ ಚಿಕ್ಕದು. ದೊಡ್ಡ ರೆಕ್ಕೆಗೆ ಇಂಥವು ಎಷ್ಟು ಬೇಕು, ಎಷ್ಟು ಕಾಲ ಬಾಳಿಯಾವು ಎಂಬುದೇ ಅದರ ಮುಂದಿರುವ ಪ್ರಶ್ನೆ.

ಗಾಳಿಯನ್ನು ಊದದೆ ಬರಿದೆ ಮೈಯನ್ನು ಬಿಸಿ ಮಾಡಿದರೆ ಹೇಗೆ ಎಂದು ಕೇಳಿದವರೂ ಇದ್ದಾರೆ. ಇಲ್ಲಿ ನಮ್ಮ ಬೆಂಗಳೂರಿನ ನಂಟು ಬರುತ್ತದೆ. ಪ್ರಾಂಟ್ಲರ ಶಿಷ್ಯ ಥಿಯೋಡೋರ್ ಫಾನ್ ಕಾರ್ಮನ್ ಅಮೆರಿಕದ ಕ್ಯಾಲ್ಟೆಕ್‌ಗೆ ಹೋದರು. ಅಲ್ಲಿ ಅವರ ಬಳಿಗೆ 1939ರಲ್ಲಿ ಬಂದವರು ಬರ್ಲಿನ್ ಮೂಲದ ಹಾನ್ಸ್ ಲೀಪ್‌ಮನ್. ಲೀಪ್‌ಮನ್ನರ ಬಳಿ ಸಂಶೋಧನೆ ಮಾಡಿ, ಎಲ್ಲೆಪದರ ಮೈಗೆ ಕೊಡುವ ಘರ್ಷಣೆಯನ್ನು ನೇರವಾಗಿ ಅಳೆದು, 1951ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದವರು ಸತೀಶ್ ಧವನ್. ಧವನ್‌ರ ಬಳಿ ಕಲಿತು ಮತ್ತೆ ಲೀಪ್‌ಮನ್ನರಲ್ಲಿಗೇ ಹೋಗಿ ಬಂದವರು ನಮ್ಮ ರೊದ್ದಂ ನರಸಿಂಹ. ಸಂಗೀತದ ಗುರುಪರಂಪರೆಯ ಹಾಗೆ ಇದು. 1982ರಲ್ಲಿ ಲೀಪ್‌ಮನ್ ಮತ್ತು ಸಂಗಡಿಗರು ನೀರಿನಡಿಯ ಚಪ್ಪಟೆ ಹಲಗೆಗೆ ತೆಳುವಾದ ತಾಪಕ ಪಟ್ಟಿಗಳನ್ನು ಕೂರಿಸಿ, ಅವಕ್ಕೆ ತಾಳ ತಪ್ಪದೆ ವಿದ್ಯುತ್ ಕೊಟ್ಟು, ಎಲ್ಲೆಪದರದಲ್ಲಿ ಏಳುವ ಅಲೆಗಳನ್ನು ಎದುರಲೆಗಳಿಂದ ಅಳಿಸಿ ತೋರಿಸಿದರು.

ಪ್ರಯೋಗವನ್ನು ನೀರಿನಲ್ಲಿ ಮಾಡಿದ್ದನ್ನು ಗಮನಿಸಿ. ಒಗ್ಗರಣೆಗೆ ಇಟ್ಟ ಎಣ್ಣೆ ಕಾದಂತೆ ತೆಳ್ಳಗಾಗುವುದನ್ನು ನೀವು ದಿನವೂ ನೋಡುತ್ತೀರಿ. ನೀರೂ ಹಾಗೆಯೇ. ಗಾಳಿ ಮಾತ್ರ ತದ್ವಿರುದ್ಧ, ಕಾದಷ್ಟೂ ಅದರ ಸ್ನಿಗ್ಧತೆ ಹೆಚ್ಚುತ್ತದೆ. ಆದ್ದರಿಂದ ನೀರಿನಲ್ಲಿ ಬಿಸಿ ಮಾಡಿದ ಮೈ ಹರಿವನ್ನು ಶಾಂತಗೊಳಿಸಿದರೆ, ಗಾಳಿಯಲ್ಲಿ ಬಿಸಿ ಮಾಡಿದ ಮೈ ಅದನ್ನು ಕೆರಳಿಸುತ್ತದೆ. ಒಂದು ಮಾಧ್ಯಮದಲ್ಲಿ ಔಷಧವಾದದ್ದು ಇನ್ನೊಂದರಲ್ಲಿ ರೋಗ.

ಕೊನೆಯದಾಗಿ, ನಮ್ಮ ಊರಿನಲ್ಲಿಯೇ ನಡೆದ, ಹಗುರತನದಲ್ಲಿ ಎಲ್ಲವನ್ನೂ ಮೀರಿಸುವ ಪ್ರಯೋಗ. ಶಬ್ದದ ಐದು ಪಟ್ಟಿಗಿಂತ ಹೆಚ್ಚು ವೇಗದಲ್ಲಿ ಹೋಗುವ ಮೊಂಡು ಮೂತಿಯ ಶಂಕುವಿನ ಮುಂದೆ ಒಂದು ಆಘಾತದ ಅಲೆ ನಿಂತಿರುತ್ತದೆ. ಅಲೆಗೂ ಮೂತಿಗೂ ನಡುವಿನ ಗಾಳಿಯನ್ನು ಇನ್ನಷ್ಟು ಕಾಯಿಸಿದರೆ ಎದುರೆಳೆತ ಕಡಿಮೆಯಾಗಬೇಕು. ಕಾಯಿಸುವುದು ಹೇಗೆ? ಭಾರತೀಯ ವಿಜ್ಞಾನ ಸಂಸ್ಥೆಯ ಕೆ.ಪಿ.ಜೆ. ರೆಡ್ಡಿ, ಜಿ. ಜಗದೀಶ್ ಮತ್ತು ಸಂಗಡಿಗರು ಶಂಕುವಿನ ಮೇಲೆ ಕ್ರೋಮಿಯಮ್ ಲೇಪಿಸಿದರು. ಸೈಕಲ್ ಹ್ಯಾಂಡಲ್ಲಿಗೆ ಹೊಳಪು ಕೊಡುವ ಅದೇ ಕ್ರೋಮಿಯಮ್. ಗಾಳಿಯ ಹೊಡೆತಕ್ಕೆ ಮೂತಿಯಿಂದ ಕಿತ್ತು ಹಾರುವ ಕ್ರೋಮಿಯಮ್ ಪರಮಾಣುಗಳು ಆಘಾತದ ಅಲೆಯ ಹಿಂದಿನ ಆಮ್ಲಜನಕದ ಪರಮಾಣುಗಳೊಡನೆ ಕೂಡಿ ಶಾಖ ಬಿಡುತ್ತವೆ. ಕೊಳವೆ, ತಂತಿ, ಪಂಪು ಯಾವುದೂ ಇಲ್ಲ. 2008ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ 60 ಡಿಗ್ರಿಯ ಶಂಕುವಿಗೆ ಎದುರೆಳೆತ ಸುಮಾರು ಶೇಕಡಾ 47ರಷ್ಟು ತಗ್ಗಿತ್ತು.

ಇದನ್ನು ತೆರೆಯ ಮೇಲೆ ಏಕೆ ತೋರಿಸಲಿಲ್ಲ ಎಂದು ನೀವು ಕೇಳಬಹುದು. ಅಂಥ ಆಘಾತ ಸುರಂಗದಲ್ಲಿ ಗಾಳಿ ಸ್ಥಿರವಾಗಿ ಹರಿಯುವುದು ಸೆಕೆಂಡಿನ ಸಾವಿರದಲ್ಲೊಂದು ಭಾಗದ ಆಸುಪಾಸು. ನಮ್ಮ ಕ್ಯಾಮರಾ ಸೆಕೆಂಡಿಗೆ ತೆಗೆಯುವುದು 25 ಚಿತ್ರ. ಎರಡು ಚಿತ್ರಗಳ ನಡುವೆ ಆ ಪ್ರಯೋಗ ಮೂವತ್ತು ನಲವತ್ತು ಸಲ ನಡೆದು ಮುಗಿದಿರುತ್ತದೆ.